ಸಿ ಡ್ರೈವ್ ತಿಂದವರು ಯಾರು?

ಮಕ್ಕಳೇ, ಮನೆಯ ಕಂಪ್ಯೂಟರಿನಲ್ಲಿ ‘ದಿಸ್ ಪಿಸಿ’ ತೆರೆದು ನೋಡಿದ್ದೀರಾ? ಸಿ ಡ್ರೈವ್ ಎಂಬ ಹೆಸರಿನ ಕೆಳಗೆ ಒಂದು ಅಡ್ಡಪಟ್ಟಿ ಇರುತ್ತದೆ. ಸಾಮಾನು ತುಂಬಿದಷ್ಟು ಭಾಗ ನೀಲಿ. ಖಾಲಿ ಜಾಗ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯಾದ ದಿನ ಆ ನೀಲಿ ಹೋಗಿ ಕೆಂಪು ಬರುತ್ತದೆ. ಅಲ್ಲಿಂದ ಮುಂದೆ ಕಂಪ್ಯೂಟರು ಮುಖ ಗಂಟಿಕ್ಕಿಕೊಂಡೇ ಕೆಲಸ ಮಾಡುತ್ತದೆ. ಅಪ್‌ಡೇಟ್ ಹಾಕಿಕೊಳ್ಳಲು ಜಾಗ ಸಾಲದು ಎನ್ನುತ್ತದೆ. ಬರೆದದ್ದನ್ನು ಸೇವ್ ಮಾಡಲು ಹೋದರೆ ಡಿಸ್ಕ್ ತುಂಬಿದೆ ಎನ್ನುತ್ತದೆ.

ತುಂಬಿದರೆ ತುಂಬಲಿ, ಅದರಲ್ಲೇನು ವಿಶೇಷ ಅನ್ನುತ್ತೀರಿ. ವಿಶೇಷ ಇರುವುದು ಬೇರೆ ಕಡೆ. ಮನೆಯಲ್ಲಿ ಯಾರೂ ಹೊಸದಾಗಿ ಏನನ್ನೂ ಇಡದಿದ್ದರೂ ದಿನದಿಂದ ದಿನಕ್ಕೆ ಖಾಲಿ ಜಾಗ ಕರಗುತ್ತಾ ಹೋಗುವುದುಂಟು, ಇಲಿ ಹೊಕ್ಕ ಕಣಜದ ಹಾಗೆ. ‘ನಾನೇನೂ ಮಾಡಿಲ್ಲ, ತಾನಾಗಿಯೇ ತುಂಬಿಕೊಂಡಿತು’ ಎಂದು ಅಜ್ಜ-ಅಜ್ಜಿಯರು ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ತಾನಾಗಿಯೇ ತುಂಬಿಕೊಳ್ಳುವ ಡಿಸ್ಕ್ ಇಲ್ಲ. ಯಾರೋ ತಂದು ಇಟ್ಟಿರುತ್ತಾರೆ. ಅವರನ್ನು ಹುಡುಕುವುದೇ ಈ ವಾರದ ಪಾಠ.

ಮೊದಲು ಒಂದು ಸುಳ್ಳು ಕಳ್ಳತನವನ್ನು ಬದಿಗೆ ಸರಿಸಿಬಿಡೋಣ. ಡಬ್ಬದ ಮೇಲೆ 256 ಜಿಬಿ ಎಂದು ಬರೆದಿರುತ್ತದೆ, ಕಂಪ್ಯೂಟರಿಗೆ ಹಾಕಿದರೆ 238 ಜಿಬಿ ಎಂದು ತೋರಿಸುತ್ತದೆ. ಉಳಿದ 18 ಎಲ್ಲಿ? ಎಲ್ಲೂ ಹೋಗಿಲ್ಲ. ಡಿಸ್ಕ್ ತಯಾರಿಸುವವರ ಲೆಕ್ಕದಲ್ಲಿ ಒಂದು ಜಿಬಿ ಎಂದರೆ ಸರಿಯಾಗಿ 100 ಕೋಟಿ ಬೈಟ್. ವಿಂಡೋಸ್ ಲೆಕ್ಕ ಹಾಕುವಾಗ ಹತ್ತರ ಬದಲು ಎರಡರ ಗುಣಕಗಳಲ್ಲಿ ಹೋಗುತ್ತದೆ. 1,024ನ್ನು ಮೂರು ಸಲ ಗುಣಿಸಿ ನೋಡಿ: 107 ಕೋಟಿ 37 ಲಕ್ಷ 41 ಸಾವಿರದ 824. ಅದರ ಜಿಬಿ ಅಷ್ಟು ದೊಡ್ಡದು. ಅಜ್ಜಿಯನ್ನು ಕೇಳಿದರೆ ಬೇಗ ಅರ್ಥವಾಗುವಂತೆ ಹೇಳಿಯಾರು: ಅಂಗಡಿಯ ಪಾವು ಸಣ್ಣದು, ನಮ್ಮ ಮನೆಯ ಪಾವು ಸ್ವಲ್ಪ ದೊಡ್ಡದು. ಅಕ್ಕಿ ಅಷ್ಟೇ ಇದ್ದರೂ ಮನೆಯಲ್ಲಿ ಅಳೆದಾಗ ಪಾವಿನ ಸಂಖ್ಯೆ ಕಡಿಮೆ ಬರುತ್ತದೆ. 1 ಟಿಬಿ ಡಿಸ್ಕ್ 931 ಜಿಬಿ ಎಂದು ತೋರುವುದಕ್ಕೂ ಇದೇ ಕಾರಣ. ಏಳನೇ ತರಗತಿಯವರು ಭಾಗಿಸಿ ನೋಡಬಹುದು.

ಇನ್ನು ನಿಜವಾದ ಪ್ರಕರಣಕ್ಕೆ ಬರುತ್ತೇನೆ.

ಮೈಸೂರಿನಲ್ಲಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ತಾತ ಇದ್ದಾರೆ. ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಬೀದಿಗೆಲ್ಲ ಪೋಸ್ಟ್ ಮಾಸ್ಟರ್ ತಾತ. ಅವರ ಕಂಪ್ಯೂಟರಿನಲ್ಲಿ ಆ 256 ಜಿಬಿ ಡಿಸ್ಕೇ ಇರುವುದು. ಯುಗಾದಿಯ ಹೊತ್ತಿಗೆ 55 ಜಿಬಿಯಷ್ಟು ಖಾಲಿ ಇತ್ತಂತೆ. ದಸರಾ ಮುಗಿಯುವಾಗ ಉಳಿದದ್ದು 14. ಪಟ್ಟಿ ಕೆಂಪಾಗಿ ವಾರಗಳೇ ಆಗಿದ್ದವು.

ಆರೋಪ ಮೊದಲು ಬಿದ್ದದ್ದು ಮೊಮ್ಮಗಳ ಮೇಲೆ. ಅವಳು ಏಳನೇ ತರಗತಿ. “ನಿನ್ನ ಆಟಗಳೇ ತಿಂದಿರಬೇಕು ಪುಟ್ಟಿ” ಎಂದರು ತಾತ. ಅವಳು ಅಳುಮುಖ ಮಾಡಿಕೊಂಡು ಇದ್ದ ಒಂದೇ ಆಟವನ್ನು ತೆಗೆದುಹಾಕಿದಳು. 2 ಜಿಬಿಯ ಹತ್ತಿರ ಜಾಗ ಬಂತು, ಹದಿನೈದು ದಿನದಲ್ಲಿ ಅದೂ ಕರಗಿತು. ಆಗ ತಾತ ತಮ್ಮ ಕಾಶಿಯಾತ್ರೆಯ ಫೋಟೊಗಳಿಗೆ ಕೈಹಾಕಿದರು. ಮುನ್ನೂರಕ್ಕೂ ಹೆಚ್ಚು ಫೋಟೊ ಡಿಲೀಟ್ ಆದವು. ಖಾಲಿ ಜಾಗದ ಅಂಕಿ ಮಾತ್ರ ಮಿಸುಕಲಿಲ್ಲ. ಕೊನೆಗೆ ರಿಪೇರಿ ಅಂಗಡಿಗೆ ಫೋನು ಮಾಡಿದರು. ಅಲ್ಲಿಯ ಹುಡುಗ, “ಒಂದು ಸಲ ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್, ಹೊಸ ಸಿಸ್ಟಮ್ ಥರ ಆಗಿಬಿಡತ್ತೆ” ಎಂದನಂತೆ.

ನಾನು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವವಳೆಂದು ತಾತ ನಮ್ಮ ಮನೆಗೆ ಬಂದು ಒಂದೇ ಪ್ರಶ್ನೆ ಕೇಳಿದರು. “ಫಾರ್ಮ್ಯಾಟ್ ಮಾಡಿದರೆ ಅವಳ ಹಾಡು ಇರತ್ತೇನಮ್ಮಾ?”

ಅವರ ಹೆಂಡತಿ ತೀರಿಕೊಂಡು ಎರಡು ವರ್ಷ. ಹಸೆ ಹಾಡು, ಆರತಿ ಹಾಡು, ಬೀಗರ ಹಾಡು, ತೊಟ್ಟಿಲು ತೂಗುವ ಹಾಡು, ಅಜ್ಜಿಗೆ ಬರುತ್ತಿದ್ದುದಕ್ಕೆ ಲೆಕ್ಕವಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕೂರಿಸಿಕೊಂಡು ಮೊಮ್ಮಗಳು ಫೋನಿನಲ್ಲಿ ಒಂದೊಂದಾಗಿ 63 ಹಾಡು ರೆಕಾರ್ಡ್ ಮಾಡಿದ್ದಳು. ಆ ಫೋನು ಕೆಟ್ಟು ಯಾವ ಕಾಲವಾಯಿತೋ. ಹಾಡುಗಳು ಉಳಿದಿದ್ದದ್ದು ಈ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ, ‘ಅಜ್ಜಿ’ ಎಂಬ ಫೋಲ್ಡರಿನಲ್ಲಿ. ಮತ್ತೆಲ್ಲೂ ಇಲ್ಲ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು ನಿಜವಾಗಿ ಕೂರುವುದು ಸಿ ಡ್ರೈವ್‌ನಲ್ಲೇ. ಫಾರ್ಮ್ಯಾಟ್ ಎಂದರೆ ಸಿ ಡ್ರೈವ್‌ನ ಹೆಸರಿನ ಪಟ್ಟಿಯನ್ನೇ ಒರೆಸಿ ಹೊಸದಾಗಿ ಶುರುಮಾಡುವುದು. ಬೇರೆ ಕಡೆ ಪ್ರತಿ ತೆಗೆದಿಡದೆ ಹಾಗೆ ಮಾಡಿದರೆ ಹಾಡು ಇರುವುದಿಲ್ಲ, ಹಾಗೆಂದೇ ಹೇಳಿದೆ.

ಅಂಗಡಿಯ ಹುಡುಗನನ್ನು ನಾನು ದೂರುವುದಿಲ್ಲ. ಸಾಲುಗಟ್ಟಿ ಕಾಯುವ ಕಂಪ್ಯೂಟರುಗಳನ್ನು ನೋಡುವವನಿಗೆ ಒಂದೊಂದರ ಒಳಗೂ ಹುಡುಕುತ್ತ ಕೂರಲು ಪುರಸೊತ್ತೆಲ್ಲಿ? ಪುರಸೊತ್ತು ಇರುವುದು ಮನೆಯವರಿಗೆ. ಅದರಲ್ಲೂ ತಾತ ಮತ್ತು ಮೊಮ್ಮಕ್ಕಳಿಗೆ. ಹಾಗಾಗಿ ಈ ಕೆಲಸಕ್ಕೆ ಅವರೇ ಲಾಯಕ್ಕು ಎಂಬುದು ನನ್ನ ಅಭಿಪ್ರಾಯ.

ಅಂದೇ ಸಂಜೆ ಮೊದಲು ಮಾಡಿದ ಕೆಲಸ, ‘ಅಜ್ಜಿ’ ಫೋಲ್ಡರನ್ನು ಒಂದು ಪೆನ್ ಡ್ರೈವಿಗೆ ಕಾಪಿ ಮಾಡಿದ್ದು. ಕಾಪಿ ಆಯಿತೆಂದು ಸಂದೇಶ ಬಂದರೆ ಸಾಲದು, ಪೆನ್ ಡ್ರೈವಿನಿಂದಲೇ ನಾಲ್ಕಾರು ಹಾಡು ತೆರೆದು ಕೇಳಿಸಿಕೊಂಡೆವು. ಆಮೇಲೆಯೇ ಹುಡುಕಾಟ.

ಹುಡುಕಾಟಕ್ಕೆ ಕಂಪ್ಯೂಟರಿಗಿಂತ ಮೊದಲು ಬೇಕಾದದ್ದು ಒಂದು ನೋಟ್‌ಬುಕ್. ಹಾಲಿನ ಲೆಕ್ಕ ಬರೆಯುವ ಹಾಗೆ ದಿನಕ್ಕೆ ಮೂರು ಸಲ, ಬೆಳಿಗ್ಗೆ ಆರಕ್ಕೆ ಕಂಪ್ಯೂಟರ್ ಹಾಕಿದ ಕೂಡಲೇ, ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ, ಖಾಲಿ ಜಾಗ ಎಷ್ಟಿದೆ ಎಂದು ಬರೆಯಲು ಹೇಳಿದೆ. ತಾತನಿಗೆ ಇದು ಬಹಳ ಇಷ್ಟವಾಯಿತು. ಎಷ್ಟಾದರೂ ರಿಜಿಸ್ಟರ್ ಬರೆದ ಕೈ. ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಾಲಂ ಮಾಡಿಕೊಂಡರು.

ಗುರುವಾರ ಬೆಳಿಗ್ಗೆ 14.2, ರಾತ್ರಿ 14.1. ಶುಕ್ರವಾರ ರಾತ್ರಿ 13.9. ಶನಿವಾರ 13.8. ಇದೆಲ್ಲ ಸಣ್ಣಪುಟ್ಟ ಏರಿಳಿತ. ಯಾವ ಕಂಪ್ಯೂಟರಿನಲ್ಲೂ ಇರುತ್ತದೆ. ಭಾನುವಾರ ಬೆಳಿಗ್ಗೆ ಆರಕ್ಕೆ 13.8, ಒಂಬತ್ತಕ್ಕೆ 12.5! ಸೋಮವಾರ ಆರಕ್ಕೆ 12.5, ಒಂಬತ್ತಕ್ಕೆ 10.9. ಎರಡು ಬೆಳಿಗ್ಗೆಗೆ ಸುಮಾರು 3 ಜಿಬಿ ಮಾಯ.

“ನೋಡಿ ತಾತ, ಭಾನುವಾರ ಆ ಹೊತ್ತಿಗೆ ನಾನು ಮುಸುಕು ಹಾಕ್ಕೊಂಡು ಮಲಗಿದ್ದೆ” ಎಂದಳು ಮೊಮ್ಮಗಳು. ನೋಟ್‌ಬುಕ್ ಅವಳನ್ನು ಖುಲಾಸೆ ಮಾಡಿತು. ತಾತ ಕನ್ನಡಕ ಒರೆಸಿಕೊಳ್ಳುತ್ತಾ, “ಆಯ್ತಮ್ಮ, ತಪ್ಪಾಯ್ತು” ಎಂದರು. ಆಟವನ್ನು ಮತ್ತೆ ಹಾಕಿಕೊಡುವ ಮಾತೂ ಆಯಿತು.

ಯಾವಾಗ ಎಂಬುದು ತಿಳಿಯಿತು. ಎಲ್ಲಿ ಎಂಬುದು ತಿಳಿಯಬೇಕು. ಇದಕ್ಕೆ ವಿಂಡೋಸ್‌ನಲ್ಲೇ ಒಂದು ದಾರಿ ಇದೆ. ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಸ್ಟೋರೇಜ್. ಆ್ಯಪ್‌ಗಳು ಇಷ್ಟು, ಚಿತ್ರಗಳು ಇಷ್ಟು, ತಾತ್ಕಾಲಿಕ ಫೈಲುಗಳು ಇಷ್ಟು ಎಂದು ಪಟ್ಟಿ ಕೊಡುತ್ತದೆ. ಇನ್ನೂ ಚೆನ್ನಾಗಿ ನೋಡಬೇಕಾದರೆ ವಿನ್‌ಡಿರ್‌ಸ್ಟ್ಯಾಟ್ ಎಂಬ ಪುಕ್ಕಟೆ ಪ್ರೋಗ್ರಾಂ ಇದೆ. ಅದು ಇಡೀ ಡಿಸ್ಕನ್ನು ಓಡಾಡಿ ನೋಡಿ ಒಂದು ಬಣ್ಣದ ನಕ್ಷೆ ಬಿಡಿಸುತ್ತದೆ. ಪ್ರತಿ ಫೈಲಿಗೂ ಒಂದು ಚೌಕ. ಫೈಲು ದೊಡ್ಡದಾದಷ್ಟೂ ಚೌಕ ದೊಡ್ಡದು. ಒಂದು ಫೋಲ್ಡರಿನ ಚೌಕಗಳೆಲ್ಲ ಅಕ್ಕಪಕ್ಕ ಸೇರಿಕೊಂಡಿರುತ್ತವೆ. ವಿಮಾನದಿಂದ ಗದ್ದೆಬಯಲು ನೋಡಿದ ಹಾಗೆ ಕಾಣುತ್ತದೆ. ಯಾರದು ಎಕರೆಗಟ್ಟಲೆ, ಯಾರದು ಗುಂಟೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಈ ನಕ್ಷೆಯ ಹಿಂದೆ ಒಂದು ಕಥೆ ಇದೆ, ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬೆನ್ ಶ್ನೈಡರ್‌ಮನ್ ಎಂಬ ಪ್ರಾಧ್ಯಾಪಕರಿದ್ದರು. 1990ರಲ್ಲಿ ಅವರ ಪ್ರಯೋಗಾಲಯದ ಹಾರ್ಡ್ ಡಿಸ್ಕ್ ತುಂಬಿಹೋಯಿತು. ಡಿಸ್ಕ್ ಎಷ್ಟು ದೊಡ್ಡದು ಗೊತ್ತೇ? 80 ಎಂಬಿ. ಈಗಿನ ಫೋನಿನಲ್ಲಿ ತೆಗೆದ ಇಪ್ಪತ್ತು-ಮೂವತ್ತು ಫೋಟೊಗಳಿಗೆ ತುಂಬಿಹೋಗುವಷ್ಟು ಜಾಗ. ಅದನ್ನು 14 ಜನ ಹಂಚಿಕೊಂಡಿದ್ದರು. ಯಾರು ಎಷ್ಟು ಜಾಗ ಹಿಡಿದಿದ್ದಾರೆ, ಎಲ್ಲಿ ಹಿಡಿದಿದ್ದಾರೆ ಎಂಬುದು ಫೋಲ್ಡರಿನೊಳಗೆ ಫೋಲ್ಡರು ಇಳಿದು ನೋಡಿದರೂ ಗೊತ್ತಾಗುತ್ತಿರಲಿಲ್ಲ. ಮರದ ಕೊಂಬೆಗಳಂತೆ ಚಿತ್ರ ಬರೆದರೆ ಪರದೆ ಸಾಲದು. ಯೋಚಿಸಿ ಯೋಚಿಸಿ ಅವರಿಗೆ ಹೊಳೆದದ್ದು ಇದು: ಪರದೆಯನ್ನು ಮೊದಲು ಉದ್ದಕ್ಕೆ ಸೀಳು, ಪ್ರತಿ ಸೀಳನ್ನು ಅಡ್ಡಕ್ಕೆ ಸೀಳು, ಅದನ್ನು ಮತ್ತೆ ಉದ್ದಕ್ಕೆ. ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡು, ಅವರ ಮಕ್ಕಳು ಅದನ್ನೇ ಮತ್ತೆ ಪಾಲು ಮಾಡಿಕೊಂಡ ಹಾಗೆ. ಇದಕ್ಕೆ ಟ್ರೀಮ್ಯಾಪ್ ಎಂದು ಹೆಸರಾಯಿತು. ಇಂದು ಷೇರುಪೇಟೆಯ ಏರಿಳಿತ ತೋರಿಸಲೂ ಇದೇ ಬಗೆಯ ಚಿತ್ರ ಬಳಸುತ್ತಾರೆ. ಹುಟ್ಟಿದ್ದು ಮಾತ್ರ ತುಂಬಿಹೋದ ಒಂದು ಡಿಸ್ಕಿನ ಕಿರಿಕಿರಿಯಿಂದ.

ತಾತನ ಕಂಪ್ಯೂಟರಿನ ನಕ್ಷೆ ಮೂಡಿತು. ಬಲಗಡೆ ಒಂದೇ ಬಣ್ಣದ ದಪ್ಪ ದಪ್ಪ ಚೌಕಗಳು ಗುಂಪಾಗಿ ಕೂತಿದ್ದವು. ಎಲ್ಲವೂ ವಿಡಿಯೊ. ಎಲ್ಲ ಸೇರಿ 41 ಜಿಬಿ. ಒಂದನ್ನು ತೆರೆದೆವು. ತಾತನ ಇನ್ನೊಬ್ಬ ಮೊಮ್ಮಗ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಐದು ವರ್ಷದ ಪೋರ, ಚೆಂಡು ಒದ್ದು ತಾನೇ ಬೀಳುತ್ತಿದ್ದ!

ಆದದ್ದು ಇಷ್ಟು. ಯುಗಾದಿಗೆ ಊರಿಗೆ ಬಂದಿದ್ದ ಮಗ, ಅಪ್ಪನಿಗೆ ಮೊಮ್ಮಗನ ಫೋಟೊ-ವಿಡಿಯೊಗಳು ಯಾವ ಗುಂಡಿಯನ್ನೂ ಒತ್ತದೆ ಸಿಗಲಿ ಎಂದು, ತನ್ನ ಫೋಲ್ಡರೊಂದನ್ನು ಅಪ್ಪನ ಕಂಪ್ಯೂಟರಿನ ಜೊತೆ ಹಂಚಿಕೊಂಡು ಹೋಗಿದ್ದ. ಇಂಥದ್ದಕ್ಕೆ ಕ್ಲೌಡ್ ಫೋಲ್ಡರ್ ಎನ್ನುತ್ತಾರೆ. ಅಲ್ಲಿ ಹಾಕಿದ್ದು ಇಂಟರ್ನೆಟ್ ಮೂಲಕ ಇಲ್ಲಿಯೂ ಇಳಿಯುತ್ತದೆ. ಹೋಗುವ ಗಡಿಬಿಡಿಯಲ್ಲಿ ಹೇಳಿದ್ದನೋ ಇಲ್ಲವೋ, ತಾತನ ಕಿವಿಗಂತೂ ಬಿದ್ದಿರಲಿಲ್ಲ. ಅವರು ಆ ಫೋಲ್ಡರನ್ನು ಒಮ್ಮೆಯೂ ತೆರೆದಿರಲಿಲ್ಲ. ಅಮೆರಿಕದಲ್ಲಿ ಶನಿವಾರ ಭಾನುವಾರ ರಜೆ, ಹುಡುಗನಿಗೆ ಆಟದ ಮೈದಾನ. ಅಲ್ಲಿ ಶನಿವಾರ ಸಂಜೆ ಐದೂವರೆ ಆದಾಗ ನಮಗೆ ಭಾನುವಾರ ಬೆಳಿಗ್ಗೆ ಆರು. ತಾತ ಪೇಪರ್ ಓದಲು ಕಂಪ್ಯೂಟರ್ ಹಾಕುತ್ತಿದ್ದ ಹಾಗೆ ವಿಡಿಯೊಗಳು ಸದ್ದಿಲ್ಲದೆ ಇಳಿಯುತ್ತಿದ್ದವು. ನೋಟ್‌ಬುಕ್ಕಿನ ಭಾನುವಾರ-ಸೋಮವಾರದ ಗುಟ್ಟು ಇದೇ. ಈಗಿನ ಫೋನುಗಳಲ್ಲಿ ಒಳ್ಳೆಯ ಗುಣಮಟ್ಟಕ್ಕೆ ಇಟ್ಟು ತೆಗೆದ ಒಂದು ನಿಮಿಷದ ವಿಡಿಯೊ 300 ಎಂಬಿ ದಾಟುವುದುಂಟು. ಐದು ನಿಮಿಷಕ್ಕೆ ಒಂದೂವರೆ ಜಿಬಿ.

“ಅಯ್ಯೋ, ಇಷ್ಟೇನಾ?” ಎಂದು ಮೊಮ್ಮಗಳು ಎಲ್ಲವನ್ನೂ ಒಟ್ಟಿಗೆ ಆರಿಸಿಕೊಂಡು ಡಿಲೀಟ್ ಕೀ ಮೇಲೆ ಬೆರಳಿಟ್ಟಳು. “ತಡಿ ಪುಟ್ಟಿ” ಎಂದು ಕೈ ಹಿಡಿದೆ. ಈ ಒಂದು ಜಾಗದಲ್ಲಿ ದೊಡ್ಡವರು, ಮಕ್ಕಳು ಎಲ್ಲರೂ ನಿಲ್ಲಬೇಕು.

ಹಂಚಿಕೊಂಡ ಫೋಲ್ಡರು ಎರಡು ಮನೆಗಳ ನಡುವಿನ ಬಾವಿ ಇದ್ದ ಹಾಗೆ. ಈ ಕಡೆಯಿಂದ ಬರಿದು ಮಾಡಿದರೆ ಆ ಕಡೆಯವರಿಗೂ ನೀರಿಲ್ಲ. ಹಲವು ಕ್ಲೌಡ್ ಸೇವೆಗಳಲ್ಲಿ ಹೀಗೆ ಹಂಚಿಕೊಂಡ ಫೋಲ್ಡರಿನೊಳಗಿಂದ ಒಬ್ಬರು ಡಿಲೀಟ್ ಮಾಡಿದರೆ ಎಲ್ಲರ ಬಳಿಯಿಂದಲೂ ಹೋಗುತ್ತದೆ. ಮೈಸೂರಿನಲ್ಲಿ ಒತ್ತಿದ ಡಿಲೀಟ್ ಸ್ಯಾನ್ ಹೋಸೆಯಲ್ಲಿ ಕೆಲಸ ಮಾಡುತ್ತದೆ. ಸೇವೆಯವರ ಕಸದ ಬುಟ್ಟಿಯಲ್ಲಿ ಸಾಮಾನ್ಯವಾಗಿ 30 ದಿನ ಉಳಿದಿರುತ್ತದೆ ನಿಜ. ಆದರೆ ಹೋಗಿದೆ ಎಂದು ಆ 30 ದಿನದೊಳಗೆ ಯಾರಾದರೂ ಗಮನಿಸಬೇಕಲ್ಲ? ಇದಕ್ಕೆ ಬೇರೆ ಉಪಾಯ ಇದೆ. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ‘ಫ್ರೀ ಅಪ್ ಸ್ಪೇಸ್’ ಎಂಬ ಆಯ್ಕೆ ಬರುತ್ತದೆ. ಕೆಲವು ಸೇವೆಗಳಲ್ಲಿ ‘ಆನ್‌ಲೈನ್ ಓನ್ಲಿ’ ಎಂದಿರುತ್ತದೆ. ಅದನ್ನು ಒತ್ತಿದರೆ ಫೈಲಿನ ಹೆಸರು ಮಾತ್ರ ಇಲ್ಲಿ ಉಳಿದು ಪಕ್ಕದಲ್ಲಿ ಮೋಡದ ಚಿಕ್ಕ ಚಿತ್ರ ಬರುತ್ತದೆ. ವಿಡಿಯೊ ಇಂಟರ್ನೆಟ್ಟಿನಲ್ಲಿ ಕ್ಷೇಮವಾಗಿರುತ್ತದೆ. ನೋಡಬೇಕೆಂದಾಗ ಒತ್ತಿದರೆ ಇಳಿದು ಬರುತ್ತದೆ. ತಾತನಿಗೆ ಕೂಡಲೇ ತಿಳಿಯಿತು. “ಅಂದರೆ ಪಾರ್ಸೆಲ್ ಆಫೀಸಿನಲ್ಲೇ ಇರತ್ತೆ, ನನ್ನ ಹತ್ತಿರ ಚೀಟಿ ಮಾತ್ರ” ಎಂದರು. ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಕೆಲವೇ ನಿಮಿಷಗಳಲ್ಲಿ 10.9 ಇದ್ದದ್ದು 51 ದಾಟಿತು. ಪಟ್ಟಿ ನೀಲಿಯಾಯಿತು.

ಆ ನಕ್ಷೆಯಲ್ಲಿ ಇನ್ನೊಂದನ್ನೂ ಹುಡುಕಿದೆವು, ‘ಅಜ್ಜಿ’ ಫೋಲ್ಡರು. ಕಣ್ಣಿಗೆ ಕಾಣಲಿಲ್ಲ. ಹೆಸರು ಹಿಡಿದು ಒತ್ತಿದ ಮೇಲೆ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಮಿಣುಕಿತು. 63 ಹಾಡು, ಎಲ್ಲ ಸೇರಿ 240 ಎಂಬಿ. ಚೆಂಡಾಟದ ಒಂದು ನಿಮಿಷದಷ್ಟೂ ಇಲ್ಲ. ಧ್ವನಿಗೆ ಬೇಕಾಗುವ ಜಾಗ ಬಹಳ ಕಡಿಮೆ, ವಿಡಿಯೊಗೆ ಬೇಕಾಗುವುದು ಅದರ ನೂರಾರು ಪಟ್ಟು. ಯಾರು ದೊಡ್ಡವರು ಎಂದು ಮಾತ್ರ ಈ ನಕ್ಷೆ ಹೇಳುತ್ತದೆ. ಯಾವುದು ಹೋದರೆ ಮತ್ತೆ ಬಾರದು ಎಂಬುದು ಅದಕ್ಕೆ ಗೊತ್ತಿಲ್ಲ, ಮನೆಯವರಿಗೆ ಗೊತ್ತು. ಆ ಸಂಜೆ ತಾತ ಹಾಡುಗಳ ಇನ್ನೊಂದು ಪ್ರತಿಯನ್ನು ಅದೇ ಹಂಚಿಕೆಯ ಫೋಲ್ಡರಿಗೆ ಹಾಕಿದರು. ಆರು ತಿಂಗಳಿಂದ ಸ್ಯಾನ್ ಹೋಸೆಯಿಂದ ಮೈಸೂರಿಗೆ ಬರುತ್ತಿದ್ದ ದಾರಿಯಲ್ಲಿ ಮೊದಲ ಸಲ ಇಲ್ಲಿಂದ ಅಲ್ಲಿಗೆ ಏನೋ ಹೋಯಿತು. ಮರುದಿನ ಮಗನ ಫೋನು ಬಂತು. ಮಾತು ಬಹಳ ಹೊತ್ತು ನಡೆಯಿತಂತೆ.

ಕಾಶಿಯ ಫೋಟೊಗಳು? ಅವು ಎಲ್ಲೂ ಹೋಗಿರಲಿಲ್ಲ. ಡಿಲೀಟ್ ಮಾಡಿದರೂ ಜಾಗ ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರವೂ ಅಲ್ಲೇ ಇದೆ. ಡಿಲೀಟ್ ಒತ್ತಿದ ಫೈಲು ಮೊದಲು ಹೋಗುವುದು ರಿಸೈಕಲ್ ಬಿನ್ನಿಗೆ. ಬೇಡದ ಪಾತ್ರೆಯನ್ನು ಬೀದಿಗೆ ಎಸೆಯದೆ ಅಟ್ಟಕ್ಕೆ ಹಾಕಿದ ಹಾಗೆ. ಮನೆಯೊಳಗೇ ಇರುತ್ತದೆ, ಜಾಗ ಹಿಡಿದುಕೊಂಡೇ ಇರುತ್ತದೆ. ಬಿನ್ ಖಾಲಿ ಮಾಡಿದಾಗಲೇ ಜಾಗ ಸಿಗುವುದು. ತಾತ ಖಾಲಿ ಮಾಡಿರದೆ ಇದ್ದದ್ದು ಒಳ್ಳೆಯದಾಯಿತು. ‘ರಿಸ್ಟೋರ್’ ಒತ್ತಿದ ಮೇಲೆ ಗಂಗೆಯ ಘಾಟುಗಳೆಲ್ಲ ತಮ್ಮ ತಮ್ಮ ಫೋಲ್ಡರಿಗೆ ಹಿಂದಿರುಗಿದವು. ಆದರೆ ಬಿನ್ ಎಂಬುದು ಬೀರು ಅಲ್ಲ. ಅದು ತುಂಬಿದಾಗ ಹಳೆಯವು ತಾವಾಗಿ ಹೊರಗೆ ಬೀಳುತ್ತವೆ. ಪೆನ್ ಡ್ರೈವಿನಿಂದ ಡಿಲೀಟ್ ಮಾಡಿದ್ದು ಸಾಮಾನ್ಯವಾಗಿ ಬಿನ್ನಿಗೆ ಬರುವುದೇ ಇಲ್ಲ, ನೇರವಾಗಿ ಹೋಗಿಬಿಡುತ್ತದೆ.

ನಿಮ್ಮ ಮನೆಯಲ್ಲಿ ಕ್ಲೌಡ್ ಫೋಲ್ಡರೇ ಕಾರಣವಾಗಿರಬೇಕೆಂದಿಲ್ಲ. ಸಾಮಾನ್ಯವಾಗಿ ಸಿಕ್ಕಿಬೀಳುವ ಬೇರೆಯವರನ್ನೂ ಹೇಳಿಬಿಡುತ್ತೇನೆ.

ಡೌನ್‌ಲೋಡ್ಸ್ ಫೋಲ್ಡರು. ಎಲ್ಲಿ ಇಳಿಯಿತೆಂದು ತಿಳಿಯದೆ ಅದೇ ಮದುವೆ ಕರೆಯೋಲೆಯನ್ನು ನಾಲ್ಕು ಸಲ ಇಳಿಸಿಕೊಂಡಿರುತ್ತಾರೆ. ಹೆಸರಿನ ಮುಂದೆ ಕಂಸದಲ್ಲಿ 1, 2, 3 ಎಂದಿರುತ್ತದೆ. ಕರೆಯೋಲೆಯಾದರೆ ಚಿಂತೆಯಿಲ್ಲ, ಅದೇ ಮದುವೆಯ ವಿಡಿಯೊ ಆದರೆ ಲೆಕ್ಕ ಬೇರೆ. ಈ ಫೋಲ್ಡರನ್ನು ಅಜ್ಜಿಯೋ ತಾತನೋ ಪಕ್ಕದಲ್ಲಿ ಕೂತಿರುವಾಗಲೇ ಶುಚಿ ಮಾಡಿ. ಪಿಂಚಣಿಯ ಕಾಗದವೋ ಬ್ಯಾಂಕಿನ ಕಾಗದವೋ ಅಲ್ಲೇ ಇರುವ ಸಂಭವ ಹೆಚ್ಚು.

ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮರುದಿನ ಒಮ್ಮೆಲೇ ಹತ್ತು-ಇಪ್ಪತ್ತು ಜಿಬಿ ಕಾಣೆಯಾದರೆ ಗಾಬರಿ ಬೇಡ. ಹೊಸದು ಒಗ್ಗದಿದ್ದರೆ ಹಿಂದಕ್ಕೆ ಹೋಗಲೆಂದು ಹಳೆಯ ವಿಂಡೋಸನ್ನು ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಸಾಮಾನ್ಯವಾಗಿ 10 ದಿನ ಇಟ್ಟುಕೊಂಡು ಆಮೇಲೆ ತಾನೇ ತೆಗೆಯುತ್ತದೆ. ಆತುರವಿದ್ದರೆ ಸ್ಟೋರೇಜ್ ಪುಟದ ‘ಟೆಂಪರರಿ ಫೈಲ್ಸ್’ ಒಳಗಿಂದ ತೆಗೆಯಬಹುದು. ಆ ಪುಟದಲ್ಲಿ ಟಿಕ್ ಹಾಕುವಾಗ ‘ಡೌನ್‌ಲೋಡ್ಸ್’ ಎಂಬ ಸಾಲೂ ಇರುತ್ತದೆ, ಅದಕ್ಕೆ ಟಿಕ್ ಬಿದ್ದಿಲ್ಲವೆಂದು ಎರಡು ಸಲ ನೋಡಿಕೊಳ್ಳಿ.

ಜಾಣ ಮಕ್ಕಳು ಇನ್ನೊಂದು ಒಗಟು ತರುತ್ತಾರೆ. ಸಿ ಡ್ರೈವ್‌ನ ಎಲ್ಲ ಫೋಲ್ಡರುಗಳ ಗಾತ್ರ ಕೂಡಿಸಿದರೂ ಒಟ್ಟು ಲೆಕ್ಕಕ್ಕೆ ಹತ್ತಾರು ಜಿಬಿ ಕಡಿಮೆ ಬರುತ್ತದೆ, ಯಾಕೆ? ಕೆಲವರು ಅಡಗಿ ಕೂತಿರುತ್ತಾರೆ. ಕಂಪ್ಯೂಟರು ನಿದ್ದೆ ಹೋಗುವ ಮುನ್ನ ತನ್ನ ನೆನಪನ್ನು ಬರೆದಿಡುವ ‘ಹೈಬರ್‌ಫಿಲ್’ ಎಂಬ ಫೈಲು ಒಂದು. 8 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಅದು 3 ಜಿಬಿಯ ಆಸುಪಾಸು ಇರುತ್ತದೆ. ರ‍್ಯಾಮ್ ಸಾಲದಾದಾಗ ಬಳಸುವ ‘ಪೇಜ್‌ಫೈಲ್’ ಇನ್ನೊಂದು. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ತೆಗೆದಿಡುವ ರಿಸ್ಟೋರ್ ಪಾಯಿಂಟುಗಳು ಮತ್ತೊಂದು. ಇವರೆಲ್ಲ ಕೆಲಸದವರು, ಕಳ್ಳರಲ್ಲ. ಇರಲಿ ಬಿಡಿ. ರಿಸ್ಟೋರ್ ಪಾಯಿಂಟುಗಳು ಅತಿಯಾಗಿದ್ದರೆ ‘ಸಿಸ್ಟಮ್ ಪ್ರೊಟೆಕ್ಷನ್’ ಒಳಗೆ ಹೋಗಿ ಇಷ್ಟೇ ಜಾಗ ಎಂದು ಮಿತಿ ಹಾಕಬಹುದು.

ಒಂದನ್ನು ಮಾತ್ರ ಮಾಡಬೇಡಿ. ‘ವಿಂಡೋಸ್’ ಎಂಬ ಫೋಲ್ಡರಿನೊಳಗೆ ಹೋಗಿ ದೊಡ್ಡದಾಗಿ ಕಂಡದ್ದನ್ನು ಕೈಯಾರೆ ಅಳಿಸಬೇಡಿ. ಮನೆಯ ಕಂಬ ದಪ್ಪಗಿದೆ, ಜಾಗ ತಿನ್ನುತ್ತಿದೆ ಎಂದು ಕಡಿಯುವ ಹಾಗೆ ಆದೀತು. ಹಾಗೆಯೇ ‘ನಿಮ್ಮ ಡಿಸ್ಕ್ ಅಪಾಯದಲ್ಲಿದೆ, ಇಲ್ಲಿ ಒತ್ತಿ’ ಎಂದು ಇಂಟರ್ನೆಟ್ ನೋಡುವಾಗ ಹಾರಿ ಬರುವ ಕ್ಲೀನರುಗಳನ್ನು ಒಳಗೆ ಬಿಟ್ಟುಕೊಳ್ಳಬೇಡಿ. ಶುಚಿ ಮಾಡಲು ಬಂದವರೇ ಕಸ ಹಾಕಿ ಹೋಗುತ್ತಾರೆ.

ಈ ವಾರದ ಮನೆಕೆಲಸ. ಕಂಪ್ಯೂಟರ್ ಇಲ್ಲದವರು ಅಜ್ಜಿಯ ಅಥವಾ ತಾತನ ಫೋನನ್ನೇ ತೆಗೆದುಕೊಳ್ಳಿ, ಅದರಲ್ಲೂ ಸೆಟ್ಟಿಂಗ್ಸ್ ಒಳಗೆ ಸ್ಟೋರೇಜ್ ಇದೆ. ಗ್ರಾಫ್ ಹಾಳೆಯಲ್ಲಿ ಹತ್ತು ಉದ್ದ, ಹತ್ತು ಅಡ್ಡ, ಒಟ್ಟು 100 ಮನೆಗಳ ಚೌಕ ಹಾಕಿ. ಒಂದು ಮನೆ ಎಂದರೆ ಒಟ್ಟು ಜಾಗದ ನೂರರಲ್ಲಿ ಒಂದು ಪಾಲು. ವಿಡಿಯೊ, ಫೋಟೊ, ಆ್ಯಪ್, ಹಾಡು, ಖಾಲಿ ಜಾಗ, ಹೀಗೆ ಪಾಲಿಗೆ ತಕ್ಕಂತೆ ಶ್ನೈಡರ್‌ಮನ್ ಸೀಳಿದ ಹಾಗೆ ಉದ್ದಕ್ಕೆ ಅಡ್ಡಕ್ಕೆ ಸೀಳಿ ಬಣ್ಣ ಹಚ್ಚಿ. ಬಣ್ಣ ಒಣಗುವಷ್ಟರಲ್ಲಿ ಫೋನಿನ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಇದರಲ್ಲಿ ಬೇರೆಲ್ಲೂ ಇಲ್ಲದ್ದು ಯಾವುದು? ಅವರು ಹೇಳಿದ್ದಕ್ಕೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಎಷ್ಟೇ ಸಣ್ಣ ಚೌಕವಾಗಿರಲಿ. ಪೆನ್ ಡ್ರೈವ್ ಎಲ್ಲಿದೆಯೆಂದು ಹುಡುಕಲು ಆಮೇಲೆ ಏಳಿ.